ಯಮುನಕ್ಕನ ಎರಡು ಸರ್ಟಿಫಿಕೇಟು

ಯಮುನಕ್ಕನಿಗೆ ತಲೆ ಕೆಟ್ಟಿದೆ ಎಂದು ಡಾಕ್ಟರ ಸಹಿ ಹಾಕಿಸಿ ತಂದವನು ನಾನು. ಅದಕ್ಕೆ ಹತ್ತು ವಾರ ಮೊದಲು, ತಲೆ ಸರಿಯಿದೆ ಎಂದು ಅದೇ ಡಾಕ್ಟರ ಸಹಿ ಹಾಕಿಸಿ ತಂದವನೂ ನಾನೇ. ಹೊಸನಗರದ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯುವ ನಾಗೇಂದ್ರ ಎಂದರೆ ಯಾರಾದರೂ ತೋರಿಸುತ್ತಾರೆ. ಇಪ್ಪತ್ತೇಳು ವರ್ಷದಿಂದ ಜನರ ಜಮೀನಿನ ಪೌತಿ ಖಾತೆ, ಪೋಡಿ, ಕೋವಿ ಲೈಸೆನ್ಸು ಎಲ್ಲಕ್ಕೂ ಬರೆದಿದ್ದೇನೆ. ಮುಂಗೋಪಿ ಎಂಬ ಹೆಸರೂ ಇದೆ. ಆ ಹೆಸರು ಸುಳ್ಳಲ್ಲ, ಈ ಕಥೆಯಲ್ಲಿ ಅರ್ಧ ಹಾಳಾಗಿದ್ದು ಅದರಿಂದಲೇ.

ಹುಲಿಕಲ್ ಘಾಟಿ ಇಳಿಯುವ ಮೊದಲು ಎಡಕ್ಕೆ ಹೊರಳಿದರೆ ನಮ್ಮ ಹಳ್ಳಿ. ಯಮುನಮ್ಮ ಅಲ್ಲಿಯ ಮಂಜುನಾಥಪ್ಪನ ಹೆಂಡತಿ. ನನಗಿಂತ ಏಳೆಂಟು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ಸುತ್ತಲಿನ ಹಳ್ಳಿಗಳಲ್ಲಿ ಇವತ್ತು ಬೈಕಿನಲ್ಲಿ ಎದೆ ಉಬ್ಬಿಸಿಕೊಂಡು ತಿರುಗುವ ಹುಡುಗರಲ್ಲಿ ಅರ್ಧ ಜನ ಅವಳ ಕಾಲ ಮೇಲೆ ಬೆತ್ತಲೆ ಮಲಗಿ ನೀರು ಹೊಯ್ಸಿಕೊಂಡವರು. ಹೆರಿಗೆ ಆಸ್ಪತ್ರೆಯವರದು, ಮನೆಗೆ ಬಂದ ಮೇಲಿನ ಬಾಣಂತನ ಯಮುನಕ್ಕನದು. ಮಣೆಯ ಮೇಲೆ ಕೂತು ಕಾಲು ಚಾಚಿ, ಮಗುವನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಬಾಣಂತಿಗೆ, ಬಾಣಂತಿಯ ಅತ್ತೆಗೆ, ಹಂಡೆಗೆ ಸೌದೆ ಒಟ್ಟುವ ಗಂಡನಿಗೆ, ಎಲ್ಲರಿಗೂ ಬೈಗುಳ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಅವಳದು ಒಂದೇ ಕಟ್ಟುನಿಟ್ಟು. ಮಗುವಿನ ಪಕ್ಕದಲ್ಲಿ ಕಬ್ಬಿಣ ಇರಬೇಕು. ಮೂರು ತಿಂಗಳು ತುಂಬುವವರೆಗೆ ತೊಟ್ಟಿಲಿರಲಿ, ಚಾಪೆಯಿರಲಿ, ತಾಯಿಯ ಮಗ್ಗುಲಿರಲಿ, ಮಗುವನ್ನು ಎಲ್ಲಿ ಮಲಗಿಸಿದರೂ ತಲೆಯ ಹತ್ತಿರ ಒಂದು ಸಣ್ಣ ಕತ್ತಿ. ಗಾಳಿ, ಸೋಕು, ಕೆಟ್ಟ ಕಣ್ಣು ಯಾವುದೂ ಹತ್ತಿರ ಬರಬಾರದು. ಬಾಣಂತಿ ಹೊರಗೆ ಕಾಲಿಟ್ಟರೂ ಕೈಯಲ್ಲಿ ಕಬ್ಬಿಣ. ಇದನ್ನು ನಾವು ಯಾರೂ ವಿಚಿತ್ರ ಅಂದುಕೊಂಡಿದ್ದಿಲ್ಲ. ನಮ್ಮಲ್ಲಿ ಗಂಡಸರು ಸೊಂಟದ ಕೊಕ್ಕೆಗೆ ಕತ್ತಿ ಸಿಗಿಸಿಕೊಂಡೇ ಬಸ್ಸು ಹತ್ತುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ, ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುವಾಗ ಅದನ್ನು ತೆಗೆದು ಪಕ್ಕದಲ್ಲಿಡುತ್ತಾರೆ. ಕತ್ತಿಯಿಲ್ಲದ ಸೊಂಟ ಕಂಡರೆ ಹುಷಾರಿಲ್ಲವಾ ಎಂದು ಕೇಳುವ ಊರು ನಮ್ಮದು.

ಕೋವಿಯ ಕಥೆಯೂ ಅಷ್ಟೆ. ಮಂಜುನಾಥಪ್ಪನ ಮನೆಯಲ್ಲಿ ಅವನಪ್ಪನ ಕಾಲದ ಒಂಟಿ ನಳಿಗೆ ಕೋವಿಯಿತ್ತು, ಬೆಳೆ ರಕ್ಷಣೆಯ ಲೈಸೆನ್ಸಿನದು. ಗೇಣಿದಾರರಾಗಿದ್ದವರು ಜಮೀನು ಮಾಡಿಕೊಂಡ ಮೇಲೆ ಬಂದ ಮರ್ಯಾದೆ ಅದು. ಲೈಸೆನ್ಸ್ ಕೋವಿಯ ಮನೆ ಎಂದರೆ ಕೇಸಿಲ್ಲದ, ಕಿರಿಕಿರಿಯಿಲ್ಲದ ಮನೆ ಎಂದು ಹೆಣ್ಣು ಕೊಡುವವರೂ ಹೇಳುತ್ತಿದ್ದರು. ಆಯುಧಪೂಜೆಗೆ ಅದಕ್ಕೆ ಕುಂಕುಮ, ಚೆಂಡುಹೂವು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು. ಎರಡು ಸಾವಿರದ ಇಪ್ಪತ್ತಮೂರರಲ್ಲಿ ಒಪ್ಪಿಸಿ ಬಂದವನು ಬಿಡಿಸಿಕೊಳ್ಳಲು ಹೋಗಲಿಲ್ಲ. ಮಳೆಗಾಲದಲ್ಲಿ ಎದೆನೋವು ಬಂದು ಹೋಗಿಬಿಟ್ಟ. ಕೋವಿ ಠಾಣೆಯಲ್ಲೇ ಉಳಿಯಿತು.

ಇದ್ದ ಒಬ್ಬಳೇ ಮಗಳು ಭವ್ಯಾ. ನರ್ಸಿಂಗ್ ಓದಿ ಇಂಗ್ಲೆಂಡಿಗೆ ಹೋದವಳು. ಗಂಡ ಸಚಿನ್ ಸಾಗರದ ಹುಡುಗ, ಅಲ್ಲೇ ಮುದುಕರನ್ನು ನೋಡಿಕೊಳ್ಳುವ ಒಂದು ಕಡೆ ಕೆಲಸ. ಅಪ್ಪ ಸತ್ತ ಮರುವರ್ಷ ಅವಳಿಗೆ ಹೆರಿಗೆಯಾಗುವುದಿತ್ತು. ಊರಿಗೆಲ್ಲ ಬಾಣಂತನ ಮಾಡಿದವಳು ಸ್ವಂತ ಮಗಳದ್ದು ಬಿಡುತ್ತಾಳೆಯೇ? ವೀಸಾದ ಅರ್ಜಿ ತುಂಬಿಸಿದ್ದು ನಾನೇ. ಹೊರಡುವ ಹಿಂದಿನ ದಿನ ನನ್ನ ಅಂಗಡಿಯಲ್ಲಿ ಕೂತು ಮಗಳ ಜೊತೆ ಫೋನಿನಲ್ಲಿ ಮಾತಾಡಿದಳು. ಎಣ್ಣೆ, ಓಂಕಾಳು, ಬಜೆ ಎಲ್ಲ ಕಟ್ಟಿಕೊಂಡೆ ಎಂದಳು. ಆ ಕಡೆಯಿಂದ ಭವ್ಯಾ ಹೇಳಿದ್ದು ನನಗೂ ಕೇಳಿಸಿತು.

“ಕತ್ತಿ ಮರೀಬೇಡ ಅಮ್ಮ. ದೊಡ್ಡ ಬ್ಯಾಗಿಗೆ ಹಾಕು, ಕೈಚೀಲಕ್ಕೆ ಹಾಕ್ಬೇಡ. ಇಲ್ಲಿ ಅಂಥದ್ದು ಸಿಗಲ್ಲ.”

ಇದನ್ನು ನೆನಪಿಟ್ಟುಕೊಳ್ಳಿ. ಕತ್ತಿ ತಾ ಎಂದವಳು ಭವ್ಯಾ.

ಹೆಣ್ಣು ಮಗು ಹುಟ್ಟಿತು. ಎಂಟು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಆ ದೇಶದ ಬಚ್ಚಲಲ್ಲಿ ಹಂಡೆಯಿಲ್ಲ, ಮಣೆಯಿಲ್ಲ, ಪ್ಲಾಸ್ಟಿಕ್ ಟಬ್ಬಿನ ಅಂಚಿನಲ್ಲಿ ಕೂತು ನೀರು ಹೊಯ್ದಳಂತೆ. ಕತ್ತಿ ಮಗುವಿನ ತಲೆದೆಸೆಯಲ್ಲಿ, ಬಟ್ಟೆ ಸುತ್ತಿ. ಒಂಬತ್ತನೆಯ ವಾರ ಚುಚ್ಚುಮದ್ದು ಹಾಕಿಸಲು ಅಜ್ಜಿ, ತಾಯಿ, ಮಗು ಮೂವರೂ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಭವ್ಯಾ ಹೊರಗೆ ಯಾವುದೋ ಫಾರಂ ತುಂಬುತ್ತಿದ್ದಳು. ಒಳಗೆ ಒಬ್ಬ ನರ್ಸು ಮಗುವಿನ ಬಟ್ಟೆ ಬಿಚ್ಚಿ ತೂಕದ ಯಂತ್ರದ ಮೇಲೆ ಮಲಗಿಸಿದಳು. ಹೊಸ ಜಾಗ, ಬೆತ್ತಲೆ ಮಗು, ಸುತ್ತ ಅಪರಿಚಿತರ ಕಣ್ಣು. ಯಮುನಕ್ಕ ಮೂವತ್ತೈದು ವರ್ಷದಿಂದ ಮಾಡಿದ್ದನ್ನೇ ಮಾಡಿದಳು. ಮಗುವಿನ ತಳ್ಳುಗಾಡಿಯಿಂದ ಕತ್ತಿ ತೆಗೆದು ಮಗುವಿನ ತಲೆಯ ಪಕ್ಕ ಇಟ್ಟಳು. ತೂಕಕ್ಕೆ ಅಡ್ಡಿಯಾಗಬಾರದೆಂದು ಸುತ್ತಿದ ಬಟ್ಟೆಯನ್ನೂ ಬಿಚ್ಚಿದ್ದಳಂತೆ, ಪುಣ್ಯಾತ್ಗಿತ್ತಿ.

ನರ್ಸು ತಿರುಗಿ ನೋಡಿ ಚೀರಿದಳು. ಆ ಚೀರಾಟಕ್ಕೆ ಮಗು ಬೆಚ್ಚಿ ಕೈಕಾಲು ಬಡಿಯಿತು. ತಾಗೀತು ಎಂದು ಯಮುನಕ್ಕ ಕತ್ತಿಯನ್ನು ಕೈಗೆತ್ತಿಕೊಂಡಳು. ಒಳಗೆ ಓಡಿಬಂದ ನಾಲ್ಕು ಜನ ನೋಡಿದ್ದು ಅದನ್ನೇ. ಬೆತ್ತಲೆ ಮಗು, ಅದರ ಮೇಲೆ ಬಗ್ಗಿದ ಕಪ್ಪು ಹೆಂಗಸು, ಕೈಯಲ್ಲಿ ಮೂತಿ ಬಾಗಿದ ಗೇಣುದ್ದದ ಕತ್ತಿ.

ಆ ದೇಶದಲ್ಲಿ ಬೀದಿಯಲ್ಲಿ ಕತ್ತಿ ಹಿಡಿದು ಓಡಾಡುವುದೇ ಅಪರಾಧವಂತೆ. ಅಡುಗೆಮನೆಯ ಚಾಕು ಕೊಳ್ಳಲೂ ವಯಸ್ಸಾಗಿರಬೇಕಂತೆ. ಅಲ್ಲಿ ಹುಡುಗರು ಚಾಕು ಹಾಕಿ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ, ಹಾಗಾಗಿ ಅವರಿಗೆ ಭಯ ಎಂದು ಸಚಿನ್ ಆಮೇಲೆ ನನಗೆ ವಿವರಿಸಿದ. ಸರಿಯಪ್ಪ, ಭಯಪಡಲಿ. ಅವರ ಭಯ ಅವರಿಗೆ. ಕತ್ತಿ ಎಂದರೆ ನಮಗೆ ಅಡಿಕೆ, ಸೊಪ್ಪು, ಬಾಣಂತಿ. ಅವರಿಗೆ ಹೆಣ. ಇದನ್ನು ಹೋಗುವ ಮೊದಲು ಆ ಹೆಂಗಸಿಗೆ ಹೇಳಬೇಕಾಗಿದ್ದವರು ಯಾರು? ಅಲ್ಲೇ ಆರು ವರ್ಷದಿಂದ ಇದ್ದ ಮಗಳಲ್ಲವೇ?

ಪೊಲೀಸರು ಬಂದರು. ಯಮುನಕ್ಕ ಹೇಳುವ ಪ್ರಕಾರ ಒಳ್ಳೆಯವರು, ಚಹ ಕೊಟ್ಟರು, ಕೈ ಸಹ ಹಿಡಿಯಲಿಲ್ಲ. ಕನ್ನಡ ಬಲ್ಲ ಯಾವನನ್ನೋ ಫೋನಿನಲ್ಲಿ ಹಿಡಿದರು. ಅವನು ಕೇಳುವುದು, ಇವಳು ಹೇಳುವುದು, ಅವನು ಇಂಗ್ಲಿಷಿಗೆ ತಿರುಗಿಸುವುದು. ಮಗುವಿಗೆ ಒಳ್ಳೆಯದಾಗಲಿ ಎಂದು ಇಟ್ಟಿದ್ದು ಅಂದಳು. ಅವರು ನಂಬಿದಂತೆ ಕಾಣಲಿಲ್ಲ. ಆಗ ಇವಳಿಗೆ, ತಾನು ಎಂಥ ಮನೆಯವಳು ಎಂದು ಗೊತ್ತಾದರೆ ಬಿಡುತ್ತಾರೆ ಅನ್ನಿಸಿದೆ.

“ನಾನು ಎಂತ ಹೇಳ್ದೆ ಗೊತ್ತನಾ ನಾಗೇಂದ್ರ? ನಮ್ಮನೆ ಅಂಥಿಂಥ ಮನೆ ಅಲ್ಲ ಮಾರಾಯ, ನಮ್ಮನೇಲಿ ಸರ್ಕಾರ ಕೊಟ್ಟ ಕೋವಿ ಲೈಸೆನ್ಸೇ ಇದೆ, ಈ ಒಂದು ಸಣ್ಣ ಕತ್ತಿಗೆ ಹಿಂಗೆ ಹೆದರ್ತೀರಲ್ಲ ಅಂದೆ. ಫೋನಲ್ಲಿ ಇದ್ದಂವ ಇನ್ನೊಂದ್ಸಲ ಹೇಳಿ ಅಂದ. ಆಮೇಲೆ ಅವ್ರಿಗೆ ಹೇಳ್ದ. ಆ ಪೊಲೀಸ್ ಹೆಂಗಸು ಪೆನ್ನು ತಗಂಡು ಬರಕಂಡ್ಲು.”

ಅಯ್ಯೋ ದೇವರೇ ಎಂದು ನಾನು ಹಣೆ ಹಣೆ ಚಚ್ಚಿಕೊಂಡೆ. ಅವಳಿಗೆ ಯಾಕೆಂದು ಅರ್ಥವಾಗಲಿಲ್ಲ.

ಆಮೇಲೆ ಭವ್ಯಾಳನ್ನು ಕೂರಿಸಿಕೊಂಡು ಕೇಳಿದರು. ಯಮುನಕ್ಕ ಪಕ್ಕದ ಕುರ್ಚಿಯಲ್ಲೇ ಇದ್ದಳು. ಮಗಳು ಇಂಗ್ಲಿಷಿನಲ್ಲಿ ಅಳುತ್ತ ಮಾತಾಡುವಾಗ ಇವಳು ಅವಳ ಬೆನ್ನು ಸವರುತ್ತ, ಹೌದು ಹೌದು ಎಂದು ತಲೆಯಾಡಿಸುತ್ತ ಕೂತಿದ್ದಳು. ಕೇಸು ಹಾಕಲಿಲ್ಲ. ಆದರೆ ವಿಚಾರಣೆ ಮುಗಿಯುವವರೆಗೆ ಮಗುವಿರುವ ಮನೆಯಲ್ಲಿ ಇರಕೂಡದು ಎಂದರು. ಸಚಿನ್ ಅವಳನ್ನು ಒಂದು ಮಲಯಾಳಿ ನರ್ಸಿನ ಮನೆಯಲ್ಲಿ ಒಂಬತ್ತು ದಿನ ಇರಿಸಿ ವಿಮಾನ ಹತ್ತಿಸಿದ. “ಇಲ್ಲಿ ರೂಲ್ಸ್ ಹಂಗೆ ಅಮ್ಮ, ಮುಂದಿನ ವರ್ಷ ಬರುವೆಯಂತೆ” ಎಂದು ಭವ್ಯಾ ಹೇಳಿದ್ದನ್ನು ನಂಬಿಕೊಂಡು ಬಂದಳು. ಊರಿನಲ್ಲಿ ಇದನ್ನೊಂದು ತಮಾಷೆಯ ಕಥೆಯಂತೆ ಹೇಳಿಕೊಂಡು ನಗುತ್ತಿದ್ದಳು.

ಮಗುವಿಗೆ ವರ್ಷ ತುಂಬುವುದಕ್ಕೆ ಹೋಗಬೇಕೆಂದು ಮತ್ತೆ ವೀಸಾಕ್ಕೆ ಹಾಕಿದೆವು. ತಿರಸ್ಕಾರದ ಪತ್ರ ನನ್ನ ಮೇಲ್‌ಗೆ ಬಂತು. ಓದುತ್ತ ಓದುತ್ತ ನನ್ನ ಮೈ ಉರಿಯಿತು. ಗಂಡನ ಸಾವಿನ ನಂತರ ಅರ್ಜಿದಾರರ ಮಾನಸಿಕ ಸ್ಥಿತಿ ಸರಿಯಿಲ್ಲವೆಂದು ಸ್ವತಃ ಮಗಳು ಅಧಿಕಾರಿಗಳಿಗೆ ಬರೆದುಕೊಟ್ಟಿದ್ದಾರೆ, ತಾಯಿ ಕತ್ತಿ ಇಟ್ಟುಕೊಂಡಿದ್ದ ವಿಷಯ ಮಗಳಿಗೆ ತಿಳಿದಿರಲಿಲ್ಲ, ಶಿಶುವಿನ ಸುರಕ್ಷತೆಯ ದೃಷ್ಟಿಯಿಂದ, ಇತ್ಯಾದಿ ಇತ್ಯಾದಿ.

ಬೇರೆ ಯಾರಾದರೂ ಆಗಿದ್ದರೆ ವೀಸಾ ಸಿಗಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ನಾನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಅವಳಿಗೆ ಗೊತ್ತಾಗಬೇಕು ಅನ್ನಿಸಿತು. ಸಿಟ್ಟು ಬಂದಾಗ ನನಗೆ ನ್ಯಾಯ ಅನ್ಯಾಯ ಬಿಟ್ಟು ಬೇರೇನೂ ಕಾಣುವುದಿಲ್ಲ.

“ಭವ್ಯಾ ಹಂಗೆ ಹೇಳಿದ್ಲಾ?” ಎಂದಳು.

“ಹೇಳಿದಾಳೆ.”

“ಅವ್ಳು ಮಾತಾಡ್ತಾ ಇದ್ದಾಗ ನಾನು ಅಲ್ಲೇ ಕೂತಿದ್ನಲ್ಲ ತಮ್ಮ.”

ಮತ್ತೆ ಮತ್ತೆ ಅದನ್ನೇ ಹೇಳಿದಳು. ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಬೆಂಚಿನ ಮೇಲಿದ್ದ ಯಾರದೋ ಕತ್ತಿಯನ್ನು ಆ ಕಡೆ ಸರಿಸಿ, ನನ್ನ ಎದುರಿಗೆ ಬಂದು ನಿಂತಳು. “ಹಂಗಾರೆ ನನ್ನ ತಲೆ ಸರಿ ಇದೆ ಅಂತ ಒಂದು ಕಾಗದ ಮಾಡ್ಸಿ ಕೊಡು. ನನ್ನ ಮೊಮ್ಮಗಳನ್ನ ನಾನು ನೋಡ್ಬೇಕು. ಎಂತ ಬೇಕಾದ್ರೂ ಬರ್ದುಕೊಡ್ತಿಯಲ್ಲ ನೀನು ಊರಿಗೆಲ್ಲ, ಇದೊಂದು ಆಗಲ್ಲನಾ?”

ತಲೆ ಸರಿಯಿದೆ ಎಂದು ಸುಮ್ಮಸುಮ್ಮನೆ ಯಾವ ಡಾಕ್ಟರು ಬರೆದುಕೊಡುತ್ತಾನೆ? ಎರಡು ದಿನ ಯೋಚಿಸಿದೆ. ಆಮೇಲೆ ಹೊಳೆಯಿತು. ಕೋವಿ ಲೈಸೆನ್ಸಿನ ಅರ್ಜಿಗೆ ಒಂದು ವೈದ್ಯಕೀಯ ಪ್ರಮಾಣಪತ್ರ ಬೇಕು. ಇವರು ದೈಹಿಕವಾಗಿ, ಮಾನಸಿಕವಾಗಿ ಸ್ವಸ್ಥರಿದ್ದಾರೆ, ಆಯುಧ ಹೊಂದಲು ಯೋಗ್ಯರು ಎಂದು ಡಾಕ್ಟರು ಸಹಿ ಹಾಕಬೇಕು. ಗಂಡನ ಕೋವಿ ಠಾಣೆಯಲ್ಲಿ ಬಿದ್ದಿದೆ, ವಾರಸುದಾರಳೆಂದು ಹೆಂಡತಿ ಅರ್ಜಿ ಹಾಕಬಹುದು. ನನ್ನ ಬುದ್ಧಿಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಸಾಗರದಲ್ಲಿ ಉಮಾಮಹೇಶ್ವರ ಡಾಕ್ಟರ ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಬಿ.ಪಿ. ನೋಡಿದರು. ಕಣ್ಣು ನೋಡಿದರು.

“ನಿದ್ದೆ ಸರಿ ಬರ್ತದಾ ಅಮ್ಮ?”

“ಬರ್ತದೆ.”

“ಯಾರ ಮೇಲಾದ್ರೂ ಸಿಟ್ಟು, ಸೇಡು ಅಂತ ಎಂತಾದ್ರೂ ಇದ್ಯಾ?”

“ಈ ನಾಗೇಂದ್ರನ ಮೇಲಿದೆ. ಬಸ್ಸಲ್ಲಿ ಕಿಟಕಿ ಸೀಟು ಕೊಡ್ಲಿಲ್ಲ.”

ಡಾಕ್ಟರು ನಕ್ಕು ಸಹಿ ಹಾಕಿದರು. ಎರಡು ನಿಮಿಷದ ಕೆಲಸ. ಕ್ಲಿನಿಕ್ಕಿನಿಂದ ಹೊರಗೆ ಬಂದು ಯಮುನಕ್ಕ ಆ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಕಣ್ಣಿಗೊತ್ತಿಕೊಂಡಳು.

ಲೈಸೆನ್ಸಿನ ಅರ್ಜಿಯನ್ನೂ ಹಾಕಿದೆವು. ವಿಚಾರಣೆಗೆ ಬಂದ ಪೇದೆ ಅಂಗಳದಲ್ಲಿ ನಿಂತು, ಮನೆಯಲ್ಲಿ ಯಾರಾದರೂ ಹುಚ್ಚರಿದ್ದಾರಾ ಎಂದು ಕೇಳಿ, ಇಲ್ಲ ಎಂದಿದ್ದನ್ನು ಬರೆದುಕೊಂಡು, ಮಜ್ಜಿಗೆ ಕುಡಿದು ಹೋದ. ನಮ್ಮ ದೇಶಕ್ಕೆ ಅವಳ ಕೈಗೆ ಕೋವಿ ಕೊಡಲು ಯಾವ ಅಂಜಿಕೆಯೂ ಇರಲಿಲ್ಲ.

ಅದೇ ಚಳಿಗಾಲದಲ್ಲಿ ನಮ್ಮೂರಿನ ಹೂವಯ್ಯ ಹಂದಿ ಎಂದುಕೊಂಡು ಅಭಿಷೇಕ ಎಂಬ ಇಪ್ಪತ್ಮೂರು ವರ್ಷದ ಹುಡುಗನಿಗೆ ಗುಂಡು ಹೊಡೆದ. ಹುಡುಗ ಗುಡ್ಡದ ಮೇಲೆ ನೀರಿನ ಪೈಪು ಸರಿಮಾಡುತ್ತಿದ್ದ. ಕುತ್ತಿಗೆಗೆ ಬಿತ್ತು, ಅಲ್ಲೇ ಸತ್ತ. ಹೂವಯ್ಯ ಒಳಗೆ ಹೋದ, ಜಾಮೀನಿನ ಮೇಲೆ ಹೊರಗೆ ಬಂದ, ಮತ್ತೆ ಚಹದ ಅಂಗಡಿಯ ಅದೇ ಬೆಂಚಿನ ಮೇಲೆ ಕೂತ. ಹುಡುಗನ ಆಯಸ್ಸು ಅಷ್ಟೇ ಇತ್ತು ಎಂದು ಜನ ಅವನಿಗೇ ಸಮಾಧಾನ ಹೇಳಿದರು. ಹೂವಯ್ಯನ ತಲೆ ಸರಿಯಿದೆಯಾ ಎಂದು ಒಬ್ಬರೂ ಕೇಳಲಿಲ್ಲ. ಅಭಿಷೇಕನ ತಾಯಿ ಈಗಲೂ ಆ ಬೆಂಚಿನ ಮುಂದೆಯೇ ನಡೆದು ಬಸ್ಸಿಗೆ ಹೋಗಬೇಕು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಂಗ್ಲೆಂಡಿನ ಪೊಲೀಸರು ಕೊಟ್ಟಿದ್ದ ಕಾಗದಗಳ ಕಟ್ಟಿನಲ್ಲಿ ಅಲ್ಲಿಯ ಮಕ್ಕಳ ರಕ್ಷಣೆಯ ಆಫೀಸಿನ ಮೇಲ್ ವಿಳಾಸವಿತ್ತು. ಅವರು ಒಪ್ಪಿದರೆ ವೀಸಾ ಸಿಗುತ್ತದೆ ಎಂದು ನನ್ನ ಲೆಕ್ಕ. ಭವ್ಯಾಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು. ತಾಯಿಯನ್ನು ಹುಚ್ಚಿ ಅಂದವಳಿಗೆ ಒಂದು ಬಿಸಿ ಮುಟ್ಟಲಿ ಅನ್ನುವ ಹಟ ನನಗೆ.

“ಕಳಿಸ್ಲಾ ಅಕ್ಕ?”

“ಕಳ್ಸು. ಇದ್ದಿದ್ದು ಇದ್ದಂಗೆ ಹೇಳಕೆ ಎಂತ ಹೆದ್ರಿಕೆ?”

ನನಗೆ ಬರುವ ಇಂಗ್ಲಿಷನ್ನೆಲ್ಲ ಬಸಿದು, ಇಂಥ ಮಹಿಳೆ ಪೂರ್ಣ ಸ್ವಸ್ಥರು, ಹುಟ್ಟಿದ ಮಗುವಿನ ಪಕ್ಕ ಕಬ್ಬಿಣ ಇಡುವುದು ನಮ್ಮ ಕಡೆಯ ಪದ್ಧತಿ, ಮಗಳಿಗೂ ಇದು ಚೆನ್ನಾಗಿ ಗೊತ್ತು, ಕತ್ತಿ ತರಲು ಹೇಳಿದ್ದೂ ಆಕೆಯೇ ಎಂದು ಬರೆದು, ಸರ್ಟಿಫಿಕೇಟು ಲಗತ್ತಿಸಿ ಕಳಿಸಿಬಿಟ್ಟೆ. ಅವತ್ತು ಮನೆಗೆ ಬಂದು ಹೊಟ್ಟೆತುಂಬ ಉಂಡೆ.

ಎರಡು ವಾರಕ್ಕೆ ಭವ್ಯಾಳ ಫೋನು ಬಂತು, ಕಚೇರಿಯ ಸಮಯದಲ್ಲಿ, ನಾಲ್ಕು ಜನ ಅರ್ಜಿಗೆ ಕೂತಿರುವಾಗ.

“ಮಾವ, ಎಂತ ಕೆಲ್ಸ ಮಾಡಿದೀರಿ ನೀವು?”

“ಎಂತ ಮಾಡಿದೀನಿ? ಹೆತ್ತ ತಾಯಿನ ಹುಚ್ಚಿ ಅಂದಿದ್ದು ನಾನಾ?”

“ಹೌದು, ಅಂದಿದೀನಿ. ಪೊಲೀಸ್ರು ಎದುರಿಗೆ ಕೂತಿದ್ರು. ನನ್ನ ಮಗು ಬೇರೆ ಯಾರದೋ ಕೈಲಿತ್ತು. ಅಮ್ಮ ಕೋವಿ ಕಥೆ ಬೇರೆ ಹೇಳಿ ಕೂತಿದ್ಲು. ನೀವಾಗಿದ್ರೆ ಎಂತ ಹೇಳ್ತಿದ್ರಿ?” ಅಳುತ್ತಿದ್ದಳು, ಆದರೆ ಮಾತು ತಪ್ಪುತ್ತಿರಲಿಲ್ಲ. “ಎಲ್ಲ ಮುಗ್ದಿತ್ತು ಮಾವ. ಈಗ ಮತ್ತೆ ತೆಗ್ದಿದಾರೆ. ನಿನ್ನ ತಾಯಿ ಸರಿ ಇದ್ರು ಅಂದ್ರೆ ನೀನು ನಮಗೆ ಸುಳ್ಳು ಹೇಳಿದ್ಯಾ ಅಂತಾರೆ. ಕತ್ತಿ ಇರೋದು ಗೊತ್ತಿದ್ದೂ ಮಗು ಪಕ್ಕ ಬಿಟ್ಯಾ ಅಂತಾರೆ. ಸುಳ್ಳು ಹೇಳಿದ ನರ್ಸನ್ನ ಕೆಲ್ಸದಲ್ಲಿ ಇಟ್ಕಳಲ್ಲ ಇಲ್ಲಿ. ಕೆಲ್ಸ ಹೋದ್ರೆ ವೀಸಾ ಹೋಯ್ತು. ಮಗು ನನ್ನ ಹತ್ರ ಇರ್ಬೇಕಾ ಬೇಡ್ವಾ ಅಂತ ಮೂರು ವಾರದಲ್ಲಿ ಮೀಟಿಂಗ್ ಮಾಡ್ತಾರಂತೆ. ಮಕ್ಕಳ ಆಫೀಸಿಗೆ, ಕೋವಿ ಇಟ್ಕಳಕೆ ಯೋಗ್ಯಳು ಅಂತ ಬರ್ದಿರೋ ಕಾಗದ ಕಳಿಸಿದೀರಲ್ಲ ಮಾವ! ನಿಮ್ಗೆ ಸ್ವಲ್ಪನೂ ತಲೆ ಇಲ್ವಾ?”

ಎದುರಿಗೆ ಕೂತಿದ್ದ ನಾಲ್ವರನ್ನೂ ನಾಳೆ ಬನ್ನಿ ಎಂದು ಎಬ್ಬಿಸಿ ಕಳಿಸಿದೆ.

“ಈಗ ಎಂತ ಮಾಡ್ಬೇಕು ಹೇಳು ಭವ್ಯಾ.”

“ಅಮ್ಮಂಗೆ ಹುಷಾರಿಲ್ಲ ಅಂತ ಡಾಕ್ಟರ ಹತ್ರ ಬರ್ಸಿ ಕಳ್ಸಿ. ಅಪ್ಪ ಹೋದಾಗಿಂದ ಅಂತ ಇರ್ಬೇಕು. ಅದೇ ಡಾಕ್ಟರದ್ದೇ ಆಗ್ಬೇಕು, ಮೊದಲಿನದು ತಪ್ಪಾಗಿತ್ತು ಅಂತ.”

ಅವತ್ತು ಸಂಜೆ ಹೋಗಿ ಯಮುನಕ್ಕನಿಗೆ ಹೇಳಿದೆ. ಅಡಿಕೆ ಸುಲಿಯುತ್ತ ಕೂತಿದ್ದಳು. ಹೇಳುವುದನ್ನೆಲ್ಲ ಕೇಳಿಸಿಕೊಂಡಳು. ಮಗಳಿಗೆ ಎರಡು ಬೈಯುತ್ತಾಳೆ, ನನಗೆ ನಾಲ್ಕು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

“ಬರ್ಸದೆ ಇದ್ರೆ ಮಗು ಕಿತ್ಕಳ್ತಾರಾ?”

“ಕಿತ್ಕಂಡ್ರೂ ಕಿತ್ಕಂಡಾರು.”

“ಬರ್ಸಿದ್ರೆ ನಾನು ಇನ್ನು ಅಲ್ಲಿಗೆ ಹೋಗಂಗಿಲ್ಲ ಅಲ್ಲನಾ?”

“ಇಲ್ಲ ಅಕ್ಕ.”

ಕೈಯಲ್ಲಿದ್ದ ಅಡಿಕೆಯನ್ನು ಪೂರ್ತಿ ಸುಲಿದು ಬುಟ್ಟಿಗೆ ಹಾಕಿದಳು. “ನಾಳೆ ಮೊದಲ್ನೇ ಬಸ್ಸಿಗೆ ಹೋಗನ” ಎಂದಳು.

ಉಮಾಮಹೇಶ್ವರ ಡಾಕ್ಟರು ಮೊದಲು ಕೂಗಾಡಿದರು. “ನನ್ನನ್ನ ಎಂತ ಅಂದ್ಕೊಂಡಿದೀರಿ? ಹತ್ತು ವಾರದ ಹಿಂದೆ ಸರಿ ಇದಾರೆ ಅಂತ ಕೋವಿಗೆ ಬರ್ದುಕೊಟ್ಟಿದೀನಿ, ಈಗ ಹುಚ್ಚು ಅಂತ ಬರೀಲಾ? ನಾಳೆ ಇವರು ಯಾರಿಗಾದ್ರೂ ಗುಂಡು ಹೊಡೆದ್ರೆ ಜೈಲಿಗೆ ಹೋಗೋದು ನಾನು!” ಯಮುನಕ್ಕ ಅವರ ಮೇಜಿನ ಮೇಲೆ ಫೋನಿಟ್ಟು ಮೊಮ್ಮಗಳ ಫೋಟೋ ತೋರಿಸಿದಳು. ಡಾಕ್ಟರು ಫೋನನ್ನು ಕೈಗೆತ್ತಿಕೊಂಡು ನೋಡಿ, ಕೊನೆಗೆ ಒಂದು ಷರತ್ತು ಹಾಕಿದರು. ಕೋವಿಯ ಅರ್ಜಿಯನ್ನು ವಾಪಸು ತೆಗೆದುಕೊಳ್ಳಬೇಕು, ಮಾನಸಿಕ ಅನಾರೋಗ್ಯದ ಕಾರಣ ಎಂದೇ ಬರೆಯಬೇಕು, ಅದರ ಸ್ವೀಕೃತಿ ತಂದು ತೋರಿಸಬೇಕು.

ಆಮೇಲೆ ಪೆನ್ನು ತೆಗೆದರು. “ಲಕ್ಷಣ ಎಂತ ಅಂತ ಬರೀಲಿ?”

“ನಮ್ಮನೆಯವ್ರು ಬಂದು ನನ್ನ ಹತ್ರ ಮಾತಾಡ್ತಾರೆ ಅಂತ ಬರೀರಿ” ಎಂದಳು ಯಮುನಕ್ಕ.

“ಬರ್ತಾರಾ?”

“ಇಲ್ಲ ಡಾಕ್ಟ್ರೇ. ಬಂದಿದ್ರೆ ಚೆನ್ನಾಗಿತ್ತು.”

ಡಾಕ್ಟರು ತಲೆ ಎತ್ತದೆ ಬರೆದರು. ಮಾತ್ರೆಯನ್ನೂ ಬರೆದುಕೊಟ್ಟರು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲವಲ್ಲ. ಅವಳು ಅವನ್ನು ತಂದು ಗೊಬ್ಬರಗುಂಡಿಗೆ ಎಸೆದಳು.

ಅರ್ಜಿ ವಾಪಸಾತಿಯ ಕಾಗದವನ್ನು ನಾನೇ ಬರೆದು, ಅವಳ ಸಹಿ ಹಾಕಿಸಿ ಕಚೇರಿಗೆ ಕೊಟ್ಟೆ. ಬೆಳಿಗ್ಗೆ ಹನ್ನೊಂದಕ್ಕೆ ಕೊಟ್ಟಿದ್ದು, ಸಂಜೆಯ ಚಹದ ಹೊತ್ತಿಗೆ ಸುದ್ದಿ ಹಳ್ಳಿ ಮುಟ್ಟಿತ್ತು. ಹೇಗೆ ಮುಟ್ಟಿತು ಎಂದು ನನ್ನನ್ನು ಕೇಳಬೇಡಿ. ನಮ್ಮಲ್ಲಿ ಹಾಗೆಯೇ ಮುಟ್ಟುತ್ತದೆ. ಚಹದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಹೂವಯ್ಯ ಎಲ್ಲರಿಗೂ ಕೇಳುವಂತೆ ಹೇಳಿದ.

“ನಂಗೆ ಆವಾಗ್ಲೇ ಅನ್ಸಿತ್ತು ಮಾರಾಯ. ಇಂಗ್ಲೆಂಡಲ್ಲಿ ಮಗು ಮೇಲೇ ಕತ್ತಿ ಎತ್ತಿದ್ಲಂತೆ ಅಲ್ಲನಾ? ಅಂಥವ್ಳ ಕೈಗೆ ಹಸುಗೂಸು ಕೊಡದಾ? ದೇವ್ರು ದೊಡ್ಡೋನು, ಇಷ್ಟು ದಿನ ಎಂತದೂ ಆಗ್ಲಿಲ್ಲ.”

ಒಬ್ಬ ಹುಡುಗನನ್ನು ಕೊಂದವನ ಬಾಯಲ್ಲಿ ಈ ಮಾತು. ಸುತ್ತ ಕೂತವರು ಹೌದು ಹೌದು ಅಂದರು. ನಾನೂ ಅಲ್ಲೇ ಇದ್ದೆ, ಚಹ ಕುಡಿಯುತ್ತಿದ್ದೆ. ಎದ್ದು ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಸತ್ಯ ಹೇಳಿದರೆ ಅದು ಯಾರದಾದರೂ ಬಾಯಿಂದ ಭವ್ಯಾಳ ಆಫೀಸಿಗೆ ಮುಟ್ಟೀತು ಎಂದು ನಾಲಿಗೆ ಕಚ್ಚಿಕೊಂಡೆ. ಅವತ್ತಿನ ಮಟ್ಟಿಗೆ ಅದು ನಿಜವಾದ ಕಾರಣವೇ.

ಇಂಗ್ಲೆಂಡಿನವರು ಫೈಲು ಮುಚ್ಚಿದರು. ಮಗು ತಾಯಿಯ ಹತ್ತಿರವೇ ಉಳಿಯಿತು, ಕೆಲಸವೂ ಉಳಿಯಿತು. ಅಜ್ಜಿಯನ್ನು ಮಗುವಿನ ಹತ್ತಿರ ಬಿಡಬಾರದು ಎಂದು ಕೊನೆಯ ಪತ್ರದಲ್ಲಿ ಬರೆದಿದ್ದರಂತೆ. ಭವ್ಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಸ್ವಲ್ಪ ದಿನ ವಿಡಿಯೊ ಕಾಲ್ ಬೇಡ ಅಮ್ಮ, ಯಾರಾದರೂ ಕೇಳಿದರೆ ಕಷ್ಟ ಎಂದಳು. ಆ ಸ್ವಲ್ಪ ದಿನ ಈಗ ಎಂಟು ತಿಂಗಳಾಯಿತು. ಮಗು ನಡೆಯುತ್ತದೆಯಂತೆ, ಮಾತಾಡುತ್ತದೆಯಂತೆ. ಸಚಿನ್ ಯಾವಾಗಲಾದರೊಮ್ಮೆ ನನಗೆ ಫೋಟೋ ಕಳಿಸುತ್ತಾನೆ, ನಾನು ಅವಳಿಗೆ ತೋರಿಸುತ್ತೇನೆ.

ಊರಿನಲ್ಲಿ ಅವಳನ್ನು ಬಾಣಂತನಕ್ಕೆ ಕರೆಯುವುದು ನಿಂತಿತು. ಬೈದು ಓಡಿಸಲಿಲ್ಲ, ಅಷ್ಟು ಒರಟರಲ್ಲ ನಮ್ಮವರು. ಮಗುವಿಗೆ ಶೀತ ಆಗಿದೆ, ಡಾಕ್ಟರು ಎಣ್ಣೆ ಬೇಡ ಅಂದಿದ್ದಾರೆ, ತವರಿನಿಂದ ಯಾರೋ ಬಂದಿದ್ದಾರೆ. ಅವಳು ಅಂಗಳಕ್ಕೆ ಬಂದರೆ ಬಾಣಂತಿಯರು ಮಗುವನ್ನೆತ್ತಿಕೊಂಡು ಒಳಗೆ ಹೋದರು. ಅವಳೇ ನೀರು ಹೊಯ್ದು ಬೆಳೆಸಿದ ಹುಡುಗಿಯರು ಅವರೆಲ್ಲ.

ಕಳೆದ ತಿಂಗಳು ನನ್ನ ಮಗಳು ಅನ್ನಪೂರ್ಣೇಶ್ವರಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಗಂಡು ಮಗು. ಆಸ್ಪತ್ರೆಯಿಂದ ಕರೆತಂದ ಮರುದಿನ ಬೆಳಿಗ್ಗೆ ಅಳಿಯ, ಅಳಿಯನ ತಾಯಿ, ಅತ್ತಿಗೆ ಎಲ್ಲರೂ ತೀರ್ಥಹಳ್ಳಿಯಿಂದ ಮಗು ನೋಡಲು ಬಂದು ಜಗಲಿಯಲ್ಲಿ ಕೂತಿದ್ದರು. ಬಚ್ಚಲಲ್ಲಿ ನನ್ನ ಹೆಂಡತಿ ಯಶೋಧಾಳ ತಂಗಿ ಮಗುವಿಗೆ ನೀರು ಹೊಯ್ಯಲು ತಯಾರಿ ಮಾಡುತ್ತಿದ್ದಳು. ಆಗ ಯಮುನಕ್ಕ ಬಂದಳು. ಕರೆದಿರಲಿಲ್ಲ. ನನ್ನ ಮನೆಗೆ ಬರಲು ತನ್ನನ್ನು ಕರೆಯಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಎಣ್ಣೆಯ ಬಾಟಲಿ.

“ಎಲ್ಲಿ ಕೂಸು? ನೀರು ಕಾದಿದ್ಯನಾ?” ಎನ್ನುತ್ತ ಸೀದಾ ಮೆಟ್ಟಿಲು ಹತ್ತಿದಳು.

ಅಳಿಯನ ತಾಯಿ ಯಶೋಧಾಳ ಮುಖ ನೋಡಿದಳು. ಸುದ್ದಿ ತೀರ್ಥಹಳ್ಳಿಯನ್ನೂ ಮುಟ್ಟಿತ್ತು. ಯಶೋಧಾ ಬಾಗಿಲಿಗೆ ಅಡ್ಡ ಬಂದು ನಿಂತಳು.

“ಯಮುನಕ್ಕ, ಇವತ್ತು ಬೇಡ. ನನ್ನ ತಂಗಿ ಹೊಯ್ತಾಳೆ.”

“ಅವ್ಳಿಗೆ ಎಂತ ಬರ್ತದೆ? ಸರಿ ಆಚೆ.”

“ಬೇಡ ಅಕ್ಕ. ಬೀಗರೆಲ್ಲ ಇದಾರೆ.”

ಯಮುನಕ್ಕನಿಗೆ ಆಗ ಗೊತ್ತಾಯಿತು. ಅವಳು ಯಶೋಧಾಳನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕೋಚವೂ ಇರಲಿಲ್ಲ. ಇದು ಈಗಲೇ ಬಗೆಹರಿಯುತ್ತದೆ ಎಂಬ ಧೈರ್ಯವಿತ್ತು.

“ನಾಗೇಂದ್ರ, ನೀನೇ ಬರ್ಸಿದ್ದಲ್ಲನಾ ಅದು? ಹೇಳು ಇವ್ರಿಗೆ.”

ಜಗಲಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಂಗ್ಲೆಂಡಿನ ಫೈಲು ಮುಚ್ಚಿ ಎಷ್ಟೋ ಕಾಲವಾಗಿತ್ತು. ಹೇಳಿದ್ದರೆ ಯಾರ ಮಗುವೂ ಹೋಗುತ್ತಿರಲಿಲ್ಲ, ಯಾರ ಕೆಲಸವೂ ಹೋಗುತ್ತಿರಲಿಲ್ಲ. ಸುಳ್ಳು ಸರ್ಟಿಫಿಕೇಟು ಮಾಡಿಸುವವನು ಎಂದು ಬೀಗರು ನನ್ನ ಬಗ್ಗೆ ಅಂದುಕೊಳ್ಳುತ್ತಿದ್ದರು, ಅಷ್ಟೆ. ಹೇಳಿದ ಮೇಲೂ ಅವರು ನಂಬದಿದ್ದರೆ, ಹುಚ್ಚಿಯ ಕೈಗೆ ಮೊಮ್ಮಗನನ್ನು ಕೊಟ್ಟ ಎಂದು ನಾಳೆ ಮಾತು ಬರುತ್ತಿತ್ತು. ಭವ್ಯಾಳಿಗೆ ಉಗಿದಿದ್ದ ನಾಲಿಗೆ ಇದು.

“ಅಕ್ಕ, ನೀನು ಮೊದ್ಲು ಆರೋಗ್ಯ ನೋಡ್ಕೊ” ಎಂದೆ. “ಮಾತ್ರೆ ಸರಿಯಾಗಿ ತಗೋ. ಆಮೇಲೆ ಬರುವೆಯಂತೆ.”

ಅವಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಎಣ್ಣೆಯ ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಅಷ್ಟರಲ್ಲಿ ಬಚ್ಚಲಿನಿಂದ ಮಗು ಕಿಟಾರನೆ ಕಿರುಚಿಕೊಂಡಿತು. ಯಶೋಧಾ ಒಳಗೆ ಓಡಿದಳು. ಅಂಗಳದ ಮಧ್ಯೆ ಹೋಗಿದ್ದ ಯಮುನಕ್ಕ ನಿಂತಳು. ಹಿಂದಕ್ಕೆ ತಿರುಗಲಿಲ್ಲ. ಆ ಅಳುವನ್ನು ಒಂದು ಗಳಿಗೆ ಕೇಳಿದಳು.

“ನೀರು ಬಿಸಿ ಜಾಸ್ತಿ ಆಯ್ತು. ಎರಡು ಚಂಬು ತಣ್ಣೀರು ಬೆರ್ಸಕೆ ಹೇಳು ಆ ಹುಡುಗಿಗೆ” ಎಂದು ಅಲ್ಲಿಂದಲೇ ಕೂಗಿ, ಬೇಲಿಯ ದಣಪೆ ದಾಟಿ ಹೋದಳು.

ನಾನು ಒಳಗೆ ಹೋಗಿ ಹೇಳಿದೆ. ಎರಡು ಚಂಬು ತಣ್ಣೀರು ಬೆರೆಸಿದರು. ಮಗು ಅಳು ನಿಲ್ಲಿಸಿತು.